ತೊಗರಿ ಯಂತ್ರಕ್ಕೆ ನೀನು ಹಾಕಿದ ಷರತ್ತು

ಪ್ರೀತಿಯ ಶರಣಮ್ಮತ್ತಿ,

ಆಳಂದದ ನಿನ್ನ ದಾಲ್ ಮಿಲ್ಲಿನ ಅಂಗಳದಲ್ಲಿ, ಚೀಲ ಇಳಿಸುವ ಕಟ್ಟೆಯ ಮೇಲೆ ನಾನು ಆ ಯಂತ್ರವನ್ನು ಮೊದಲ ಸಲ ತಂದಿಟ್ಟ ಮಧ್ಯಾಹ್ನ ನಿನಗೆ ನೆನಪಿದೆಯೇ? ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ, ಕೈಯಲ್ಲಿ ಹಿಡಿಯುವ ಉದ್ದನೆಯ ಕೋಲು, ಕೋಲಿನ ತುದಿಯಲ್ಲಿ ಗಿರ್ರನೆ ತಿರುಗುವ ಪುಟ್ಟ ಅಲಗು. ಪುಣೆಯ ಟ್ರ್ಯಾಕ್ಟರ್ ಕಂಪನಿಯ ಕೆಲಸ ಬಿಟ್ಟು ಬಂದು, ಅಪ್ಪನ ದನದ ಕೊಟ್ಟಿಗೆಯಲ್ಲಿ ಕೂತು ಕಟ್ಟಿದ್ದು ಅದು. ತೊಗರಿ ಗಿಡ ಮೊಣಕಾಲೆತ್ತರ ಬಂದಾಗ ಕುಡಿ ಚಿವುಟಿದರೆ ಪಕ್ಕಕ್ಕೆ ಟಿಸಿಲೊಡೆದು ಕಾಯಿ ಹೆಚ್ಚು ಹಿಡಿಯುತ್ತದೆ. ಅದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಆದರೆ ಹೆಂಗಸರು ಸಾಲು ಹಿಡಿದು ಬಗ್ಗಿ ಬೆರಳಲ್ಲಿ ಚಿವುಟಿ ಮುಗಿಸುವಷ್ಟರಲ್ಲಿ ಅರ್ಧ ಹೊಲದ ಗಿಡ ಹೊತ್ತು ಮೀರಿ ಬೆಳೆದಿರುತ್ತದೆ. ಈ ಯಂತ್ರವಾದರೆ ನಡೆದುಕೊಂಡೇ ಹೋಗುತ್ತಾ ಕತ್ತರಿಸಬಹುದು ಎಂದು ನಾನು ಒಂದೇ ಉಸಿರಿನಲ್ಲಿ ಹೇಳಿದೆ. ನೀನು ಕೋಲನ್ನು ಕೈಗೆ ತೆಗೆದುಕೊಂಡು ತೂಕ ನೋಡಿದೆ. ಹೊಗಳಲಿಲ್ಲ, ತೆಗಳಲಿಲ್ಲ.

"ಛಲೋ ಅದ. ಇದು ಕೆಟ್ಟರ ಎಲ್ಲಿಗೆ ಒಯ್ಬೇಕು?" ಅಂದೆ.

ನನಗೆ ನಗು ಬಂದಿತ್ತು. ಇನ್ನೂ ಒಂದು ಯಂತ್ರ ಮಾರಿಲ್ಲ, ಕೆಡುವ ಮಾತು ಯಾಕೆ? ಆದರೂ ಆ ವಾರವೇ ನೀನು ಮಿಲ್ಲಿನಿಂದ ಬಂದದ್ದರಲ್ಲಿ ಒಂದು ಪಾಲನ್ನು ನನ್ನ ಕಂಪನಿಗೆ ಹಾಕಿದೆ. ದೊಡ್ಡ ಊರಿನಲ್ಲಿ ಕೋಟು ಹಾಕಿಕೊಂಡು ಕೂತವರು ಒಬ್ಬೊಬ್ಬರಾಗಿ ನನಗೆ ಬಾಗಿಲು ತೋರಿಸಿದ್ದರು. ನನ್ನ ಮೊದಲ ಹೂಡಿಕೆದಾರಳು ಇಳಕಲ್ ಸೀರೆಯ ಸೆರಗಿನಲ್ಲಿ ಬೇಳೆಯ ಧೂಳು ಕೊಡವಿಕೊಳ್ಳುತ್ತಿದ್ದ ನನ್ನ ಸೋದರತ್ತೆ. ಈ ಮಾತನ್ನು ಆಮೇಲೆ ಎಷ್ಟು ವೇದಿಕೆಗಳಲ್ಲಿ ಹೇಳಿದ್ದೇನೋ, ಜನ ಪ್ರತಿ ಸಲವೂ ಚಪ್ಪಾಳೆ ತಟ್ಟುತ್ತಾರೆ. ಅವರಿಗೆ ನೀನು ಬರೀ ಪ್ರೀತಿಯಿಂದ ಕೊಟ್ಟೆ ಅನ್ನಿಸುತ್ತದೆ. ನಿನ್ನ ಪ್ರಶ್ನೆಗಳನ್ನು ಅವರು ಕೇಳಿಲ್ಲವಲ್ಲ. ಬೇಳೆಯ ಬಣ್ಣ ನೋಡಿ ತಾನೇ ಆರಿಸುವ ಯಂತ್ರವನ್ನು ಬಜಾರಿನ ಗಂಡಸರೆಲ್ಲ ಬೇಡವೆಂದಾಗ ಮಿಲ್ಲಿಗೆ ತಂದವಳು ನೀನು. ತರುವ ಮೊದಲು ಅದನ್ನು ಮಾರುವವನಿಗೆ ಬೆವರು ಇಳಿಸಿದವಳೂ ನೀನೇ.

ಸರಸಂಬಾ ಹಳ್ಳಿಯ ಸಭೆ ನೆನೆದರೆ ಈಗಲೂ ನನ್ನ ಮುಖ ಬಿಸಿಯಾಗುತ್ತದೆ. ಮಹಿಳಾ ಸಂಘದವರನ್ನೆಲ್ಲ ಶಾಲೆಯ ವರಾಂಡದಲ್ಲಿ ಕೂಡಿಸಿ ನಾನು ಯಂತ್ರ ಓಡಿಸಿ ತೋರಿಸಿದೆ. ಕಡೆಗೆ ಹಿಂದಿನ ಸಾಲಿನ ಒಬ್ಬ ಹೆಂಗಸು, ಕುಡಿ ಚಿವುಟಿ ಚಿವುಟಿ ಕಪ್ಪಾದ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡವಳು, ಈ ಮಷಿನ್ ಬಂದರೆ ನಮ್ಮ ಕೂಲಿ ಎಲ್ಲಿ ಹೋಗುತ್ತದೆ ಎಂದು ಕೇಳಿದಳು. ನಾನು ಸಿದ್ಧಪಡಿಸಿಕೊಂಡು ಹೋದ ಉತ್ತರವನ್ನು ಶುರು ಮಾಡಿದ್ದೆ: ಶ್ರಮ ಕಡಿಮೆಯಾಗುತ್ತದೆ, ಹೊಸ ಅವಕಾಶಗಳು... ನೀನು ನನ್ನ ಮೊಣಕೈ ಹಿಡಿದು ನಿಲ್ಲಿಸಿದೆ.

"ಕೂಲಿ ಹೋಗ್ತದವ್ವಾ. ಸುಳ್ಳ್ಯಾಕ ಹೇಳ್ಲಿ? ಮಷಿನ್ ಹೊಲದ ಮಾಲಕನ ಕೈಯಾಗ ಹೋದ್ರ ನಿಮ್ಮ ಕೂಲಿ ಹೋಗ್ತದ. ನಿಮ್ಮ ಕೈಯಾಗ ಇದ್ರ ಅಂವಾ ನಿಮ್ಮನ್ನ ಕರೀಬೇಕಾಗ್ತದ" ಅಂದೆ.

ಅಲ್ಲಿಯೇ, ನನ್ನನ್ನು ಒಂದು ಮಾತೂ ಕೇಳದೆ, ಯಂತ್ರಗಳನ್ನು ಮೊದಲು ಸಂಘಗಳಿಗೇ ಕೊಡುವುದೆಂದು ತೀರ್ಮಾನಿಸಿಬಿಟ್ಟೆ. ಸಂಘದವರು ಹೊಲದ ಕೆಲಸ ಗುತ್ತಿಗೆ ಹಿಡಿಯುತ್ತಾರೆ, ಯಂತ್ರ ಅವರದೇ. ವಾಪಸು ಬರುವಾಗ ನಾನು ಜೀಪಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಕಂಪನಿ ನನ್ನದೋ ನಿನ್ನದೋ? ಆದರೆ ಆ ಮೊದಲ ಹಂಗಾಮಿನಲ್ಲಿ ಸರಸಂಬಾದ ಹೆಂಗಸರು ಬೆನ್ನಿಗೆ ಬ್ಯಾಟರಿ ಹಾಕಿಕೊಂಡು ಎರೆಹೊಲದ ಸಾಲುಗಳಲ್ಲಿ ನಡೆದು ಹೋಗುವುದನ್ನು ನೋಡಿದಾಗ, ಸುತ್ತಲಿನ ಊರುಗಳಿಂದ ಅವರಿಗೇ ಕರೆ ಬರತೊಡಗಿದಾಗ, ಆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಎರಡನೆಯ ಹಂಗಾಮು ಬೇರೆಯಾಗಿತ್ತು. ಆಗ ನಾವು ಅಫಜಲಪುರ, ಜೇವರ್ಗಿ ಕಡೆಗೂ ಯಂತ್ರ ಕಳಿಸಿದ್ದೆವು. ಆ ಶ್ರಾವಣ ಮಳೆ ಹಿಡಿದದ್ದು ಬಿಡಲಿಲ್ಲ. ಭೀಮಾ ನದಿಯ ದಂಡೆಯ ಘತ್ತರಗಿಯಲ್ಲಿ ಸಂಘದ ಯಂತ್ರಗಳ ಮೋಟರಿಗೆ ನೀರು ಹೊಕ್ಕಿತು. ಮೋಟರು ಬಿಚ್ಚಬಲ್ಲವರು ಆಳಂದ ಬಿಟ್ಟರೆ ಎಲ್ಲೂ ಇರಲಿಲ್ಲ, ಬಿಡಿಭಾಗ ಪುಣೆಯಿಂದ ಬರಬೇಕು. ಬಂದು ಕೂಡಿಸುವಷ್ಟರಲ್ಲಿ ತೊಗರಿ ಎದೆಮಟ್ಟ ಬೆಳೆದು ಚಿವುಟುವ ಕಾಲವೇ ದಾಟಿತ್ತು. ಗುತ್ತಿಗೆ ಒಪ್ಪಿಕೊಂಡಿದ್ದ ಹೆಂಗಸರು ಹೊಲದವರ ಬಾಯಿಗೆ ಬಿದ್ದರು. ಫೋನಿನಲ್ಲಿ ಸಮಾಧಾನ ಹೇಳೋಣವೆಂದರೆ ನೀನು ಬಿಡಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿ, ಸಂಘದ ಮುಖ್ಯಸ್ಥೆ ಕಸ್ತೂರಿಬಾಯಿಯ ಮನೆ ಪಡಸಾಲೆಯಲ್ಲಿ ಕೂತು, ಅವಳು ಅಂದದ್ದನ್ನೆಲ್ಲ ಕೇಳಿಸಿಕೊಂಡೆ. ಅವಳೇನು ಕಡಿಮೆ ಮಾತಾಡಲಿಲ್ಲ. ನಿಮ್ಮ ಮಷಿನ್ ಬರುವ ಮೊದಲು ನಮಗೆ ಬೆರಳಾದರೂ ಇದ್ದವು ಅಂದಳು. ನೀನು ತಲೆ ತಗ್ಗಿಸಿ ಚಹಾ ಕುಡಿದೆ. ಊರಿನ ಗುಡಿಗೆ ದೇವಿಯ ದರ್ಶನಕ್ಕೆ ಬಂದ ಜನರ ನಡುವೆ ನಡೆದು ಜೀಪು ಹತ್ತಿದ ಮೇಲೆ, ಮೂರೂ ತಾಲ್ಲೂಕಿನಲ್ಲಿ ರಿಪೇರಿ ಅಂಗಡಿ ಆಗುವವರೆಗೆ ಇನ್ನೊಂದು ಯಂತ್ರ ಮಾರಕೂಡದು ಅಂದೆ. ಆಳಂದದಲ್ಲಿ ಒಂದು, ಅಫಜಲಪುರದಲ್ಲಿ ಒಂದು, ಜೇವರ್ಗಿಯಲ್ಲಿ ಒಂದು. ಅದೇ ನಿನ್ನ ಷರತ್ತು.

ಹೈದರಾಬಾದಿನಿಂದ ಅನಿರುದ್ಧ ಅವರು ಬಂದದ್ದು ಅದಾದ ಮೇಲೆ. ಕೃಷಿ ಯಂತ್ರಗಳ ಕಂಪನಿಗಳಿಗೆ ಬಂಡವಾಳ ಹಾಕುವ ಸಂಸ್ಥೆಯ ಮುಖ್ಯಸ್ಥರು. ನೀನು ಅವರನ್ನು ಕಂಡ ಕೂಡಲೇ ದೂರ ಇಟ್ಟೆ, ಆದರೆ ಅವರು ತಾಂಡೂರು ಕಡೆಯ ತೊಗರಿ ಬೆಳೆಯುವ ಮನೆಯವರು, ಕನ್ನಡವನ್ನೂ ಅಷ್ಟಿಷ್ಟು ಬಲ್ಲವರು. ಅವರ ಮಾತಿನಲ್ಲಿ ಹುರುಳಿತ್ತು, ಅತ್ತಿ. ಇಂಥ ಯಂತ್ರವನ್ನು ಬೇರೆಯವರು ಅಗ್ಗವಾಗಿ, ರಾಶಿರಾಶಿಯಾಗಿ ತರುವ ದಿನ ದೂರವಿಲ್ಲ, ಅಷ್ಟರಲ್ಲಿ ನಾವು ದೊಡ್ಡವರಾಗದಿದ್ದರೆ ಉಳಿಯುವುದಿಲ್ಲ ಎಂದರು. ಹೈದರಾಬಾದಿನ ಹತ್ತಿರ ಕಾರ್ಖಾನೆ ಹಾಕೋಣ, ನಾಕು ರಾಜ್ಯಕ್ಕೆ ಮಾರೋಣ. ರಿಪೇರಿಗೆ ಅಂಗಡಿ ಬೇಡ, ಕೆಟ್ಟದ್ದನ್ನು ತೆಗೆದುಕೊಂಡು ಹೊಸದನ್ನು ಕೊಟ್ಟುಬಿಡೋಣ. ಕೊಟ್ಟಿಗೆಯಲ್ಲಿ ಕೂತು ಕಟ್ಟಿದ್ದು ನಾಕು ರಾಜ್ಯಕ್ಕೆ ಹೋಗುವುದೆಂದರೆ...

ನೀನು ಒಪ್ಪಲಿಲ್ಲ. ಕಂಪನಿಯಲ್ಲಿ ನಿನ್ನ ಪಾಲು ನನ್ನದಕ್ಕಿಂತ ದೊಡ್ಡದು, ನಿನ್ನ ಮಾತೇ ನಡೆಯಿತು. ಅನಿರುದ್ಧ ಅವರು ಹೋದ ಮೇಲೆ ಮಿಲ್ಲಿನ ಸದ್ದಿನ ನಡುವೆ ನಾವಿಬ್ಬರೂ ಜಗಳಾಡಿದ್ದು ಆಳುಗಳಿಗೆಲ್ಲ ಕೇಳಿರಬೇಕು. ನಿನಗೆ ಹೆದರಿಕೆ, ಆಳಂದ ದಾಟಿ ಯೋಚನೆ ಮಾಡಲು ಬರುವುದಿಲ್ಲ ಎಂದೆ ನಾನು. ನೀನು ದನಿ ಏರಿಸಲಿಲ್ಲ.

"ಸುನಂದಾ, ನಾ ಬ್ಯಾಳಿ ಮಾರಾಕಿ. ಇವತ್ತ ಹುಳಕ ಬ್ಯಾಳಿ ಕೊಟ್ರ ನಾಳೆ ಅದನ್ನ ತಂದು ನನ್ನ ಮಾರಿ ಮ್ಯಾಲೆ ಒಗೀತಾರ, ಯಾಕಂದ್ರ ನನ್ನ ಮನಿ ಅವರಿಗೆ ಗೊತ್ತದ. ನೀ ಹೈದ್ರಾಬಾದಿಗೆ ಹೋದ್ರ ನಿನ್ನ ಮನಿ ಯಾರಿಗಿ ಗೊತ್ತಿರ್ತದ?"

ನಿನ್ನ ಮಾತು ಸರಿ ಇದ್ದದ್ದಕ್ಕೇ ಸಿಟ್ಟು ಹೆಚ್ಚಾಯಿತೇನೋ. ಆಮೇಲೂ ದಿನಾ ಮಾತಾಡಿದೆವು, ಆದರೆ ಬ್ಯಾಟರಿ, ಅಲಗು, ಬಿಡಿಭಾಗ ಇಷ್ಟೇ. ನೀನು ಊಟಕ್ಕೆ ಕರೆದಾಗ ಬಂದು ಪುಂಡಿಪಲ್ಯ, ರೊಟ್ಟಿ ಉಂಡು ಎದ್ದು ಹೋಗುತ್ತಿದ್ದೆ. ಇಬ್ಬರಲ್ಲಿ ಒಬ್ಬರು ಸೋಲುವವರೆಗೆ ಸಾಕಷ್ಟು ಸಮಯ ಇದೆ ಅಂದುಕೊಂಡಿದ್ದೆ. ನೀನೂ ಹಾಗೇ ಅಂದುಕೊಂಡಿದ್ದೆಯಾ?

ತೊಗರಿ ರಾಶಿಯ ದಿನಗಳಲ್ಲಿ ನಿನಗೆ ಎದೆನೋವು ಬಂತು. ಕಲಬುರಗಿಯ ಆಸ್ಪತ್ರೆಗೆ ನಾನು ಓಡಿ ಬರುವಷ್ಟರಲ್ಲಿ... ಹೊಲದ ಮೂಲೆಯಲ್ಲಿ ಮಾವನ ಪಕ್ಕದಲ್ಲಿ ನಿನ್ನನ್ನು ಕೂಡಿಸಿ, ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಮಾಡಿದರು. ಸರಸಂಬಾದವರು ಬಂದರು. ಘತ್ತರಗಿಯಿಂದ ಕಸ್ತೂರಿಬಾಯಿಯೂ ಬಂದಿದ್ದಳು. ಅಳಲಿಲ್ಲ, ಒಂದು ಹಿಡಿ ಮಣ್ಣು ಹಾಕಿ ನನ್ನ ಪಕ್ಕ ಬಂದು ನಿಂತಳು.

ನಿನ್ನ ಪಾಲು ನಿನ್ನ ಮಗ ಬಸವರಾಜನಿಗೆ ಬಂತು. ಅವನಿಗೆ ಮಿಲ್ಲಿನ ವ್ಯಾಪಾರವೇ ಸಾಕಷ್ಟು. ಕಂಪನಿಯ ವಿಷಯದಲ್ಲಿ ನಾನು ಹೇಳಿದ ಹಾಗೇ ಆಗಲಿ ಎಂದುಬಿಟ್ಟ. ಅಂದರೆ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಇದೇ ಬೇಕೆಂದು ಜಗಳಾಡಿದ್ದೆನಲ್ಲ? ಅನಿರುದ್ಧ ಅವರಿಗೆ ಫೋನು ಮಾಡಿದರೆ ಮುಗಿಯುತ್ತಿತ್ತು. ಎಷ್ಟೋ ದಿನ ಮಾಡಲಿಲ್ಲ. ಕೊಟ್ಟಿಗೆಯಲ್ಲಿ ಕೂತು ಸುಟ್ಟ ಮೋಟರುಗಳನ್ನು ಬಿಚ್ಚುತ್ತಿದ್ದೆ. ಬಿಚ್ಚುತ್ತಾ ಒಂದು ವಿಷಯ ಹೊಳೆಯಿತು. ನೀನು ರಿಪೇರಿ ಅಂದೆ, ಅವರು ಅದಲುಬದಲು ಅಂದರು. ಇಡೀ ಯಂತ್ರ ಬದಲಿಸುವುದು ಯಾಕೆ? ಮೋಟರನ್ನಷ್ಟೇ ಟಾರ್ಚಿನ ಮುಚ್ಚಳ ತಿರುವಿದ ಹಾಗೆ ತಿರುವಿ ತೆಗೆಯುವಂತಿದ್ದರೆ, ಹೆಂಗಸರು ಹತ್ತಿರದ ಅಂಗಡಿಯಲ್ಲಿ ಕೆಟ್ಟದ್ದು ಕೊಟ್ಟು ಒಳ್ಳೆಯದು ಒಯ್ಯಬಹುದು, ಕೆಟ್ಟದ್ದನ್ನು ಅಂಗಡಿಯವರು ಬಿಡುವಾಗಿ ಸರಿಮಾಡಬಹುದು. ನೀರು ಹೋಗದಂತೆ ರಬ್ಬರು ಬಳೆ ಕೂಡಿಸಲೂ ಅಲ್ಲಿ ಜಾಗ ಸಿಕ್ಕಿತು. ನೀವಿಬ್ಬರೂ ಹೇಳಿದ್ದು ಸರಿಯೇ ಇತ್ತು. ಅದನ್ನು ಕಾಣಲು ನನಗೆ ಒಂದು ಬೇಸಿಗೆ ಬೇಕಾಯಿತು. ಮೊದಲೇ ಕಂಡಿದ್ದರೆ ನಿನಗೆ ತೋರಿಸಬಹುದಿತ್ತು.

ಆ ಮೋಟರನ್ನು ಚೀಲದಲ್ಲಿ ಹಾಕಿಕೊಂಡು ಹೈದರಾಬಾದಿಗೆ ಹೋದೆ. ಅನಿರುದ್ಧ ಅವರು ಅದನ್ನು ತಾವೇ ತಿರುವಿ ತೆಗೆದು, ಹಾಕಿ, ಮತ್ತೆ ತೆಗೆದರು. ನಾನು ಕೇಳಬೇಕಾದ್ದನ್ನು ಕೇಳಿದೆ. ಕಾರ್ಖಾನೆ ಆಳಂದದಲ್ಲೇ ಇರಬೇಕು, ಮೂರು ಅಂಗಡಿ ಆಗಬೇಕು, ಯಂತ್ರ ಸಂಘಗಳ ಕೈಯಲ್ಲೇ ಉಳಿಯಬೇಕು, ಆಡಳಿತ ಮಂಡಳಿಯಲ್ಲಿ ಸಂಘದ ಒಬ್ಬ ಹೆಂಗಸು ಕೂರಬೇಕು. ಕಾರ್ಖಾನೆಯ ಮಾತಿಗೆ ಅವರು ಜಗ್ಗಲಿಲ್ಲ. ಅಲಗು, ಮೋಟರು ಹೈದರಾಬಾದಿನ ಹತ್ತಿರವೇ ತಯಾರಾಗುತ್ತವೆ, ಕೂಡಿಸುವುದು ಮಾತ್ರ ಆಳಂದದಲ್ಲಿ ಎಂದರು. ಉಳಿದದ್ದಕ್ಕೆ ಒಪ್ಪಿದರು. ಕಾರ್ಖಾನೆ ಬಿಟ್ಟುಕೊಟ್ಟದ್ದಕ್ಕೆ ನೀನು ನನ್ನನ್ನು ಕ್ಷಮಿಸುತ್ತಿದ್ದೆಯೋ ಇಲ್ಲವೋ ಗೊತ್ತಿಲ್ಲ. ನಾನು ಸಹಿ ಹಾಕಿದೆ, ಅತ್ತಿ. ನೀನು ಬೇಡವೆಂದದ್ದಕ್ಕೆ ನಾನು ಹೂಂ ಅಂದೆ. ಇದನ್ನು ನಿನಗೆ ಬೇರೆ ಯಾರೋ ಹೇಳುವುದಕ್ಕಿಂತ ನಾನೇ ಹೇಳಬೇಕಿತ್ತು.

ಈಗ ಉಳಿದ ಸುದ್ದಿ. ಈ ಹಂಗಾಮಿನಲ್ಲಿ ಅಫಜಲಪುರದ ಅಂಗಡಿ ನಡೆಯಿತು. ಬೆಳಿಗ್ಗೆ ಕೊಟ್ಟ ಮೋಟರಿಗೆ ಬದಲಿ ಒಯ್ದವರು ಊಟದ ಹೊತ್ತಿಗೆ ಹೊಲದಲ್ಲಿದ್ದರು. ಮಳೆ ಈ ವರ್ಷವೂ ಬಿಡಲಿಲ್ಲ, ಆದರೂ ಘತ್ತರಗಿಯವರು ಒಪ್ಪಿಕೊಂಡ ಹೊಲವನ್ನೆಲ್ಲ ಮುಗಿಸಿದರು. ಆಳಂದದ ಕೂಡಿಸುವ ಶೆಡ್ಡಿನಲ್ಲಿ ಸರಸಂಬಾದ ಇಬ್ಬರು ಕೆಲಸಕ್ಕೆ ಸೇರಿದ್ದಾರೆ. ಎಲ್ಲರಿಗೂ ಸಿಕ್ಕಿಲ್ಲ. ಗುತ್ತಿಗೆ ಹಿಡಿಯದ ಊರುಗಳಲ್ಲಿ ಕೂಲಿ ಕಳೆದುಕೊಂಡವರೂ ಇದ್ದಾರೆ, ಅವರ ಮುಂದೆ ಮಾತಾಡುವಾಗ ನಾನು ಈಗ ಸಿದ್ಧ ಉತ್ತರ ಹೇಳುವುದಿಲ್ಲ.

ಮಂಡಳಿಗೆ ಸಂಘಗಳು ಕಸ್ತೂರಿಬಾಯಿಯನ್ನು ಆರಿಸಿ ಕಳಿಸಿದವು. ಹೋದ ವಾರ ಸಭೆ ಇತ್ತು. ರಾಜ್ಯದ ಗಡಿ ದಾಟಿ ಅಕ್ಕಲಕೋಟೆ ಕಡೆಗೆ ಮಾರಲು ಶುರು ಮಾಡಬೇಕೆಂದು ಅನಿರುದ್ಧ ಅವರು ಮಂಡಿಸಿದರು, ನಾನೂ ಬೆಂಬಲಿಸಿದೆ. ಜೇವರ್ಗಿಯ ಅಂಗಡಿಗೆ ಇನ್ನೂ ಬಾಗಿಲೇ ಕೂಡಿಸಿಲ್ಲ, ಅದು ಮುಗಿಯದೆ ಮುಂದೆ ಹೋಗಬಾರದೆಂದು ಕಸ್ತೂರಿಬಾಯಿ ಪಟ್ಟು ಹಿಡಿದಳು. ನಾನು ವಾದ ಮಾಡಿದೆ. ಅವಳೂ ಮಾಡಿದಳು. ಬಸವರಾಜ ಇಷ್ಟು ದಿನ ನಾನು ಹೇಳಿದಂತೆ ಕೈ ಎತ್ತುತ್ತಿದ್ದವನು ಈ ಸಲ ಅವಳ ಕಡೆ ಎತ್ತಿದ. ಆಮೇಲೆ ಅನಿರುದ್ಧ ಅವರೂ "ಕಸ್ತೂರಿಬಾಯಿ ಹೇಳೋದು ಖರೇ ಅದರಿ" ಎಂದು ತಮ್ಮ ಮಾತು ಹಿಂದೆಗೆದುಕೊಂಡರು. ನಾನೊಬ್ಬಳೇ ಉಳಿದೆ.

ಹೊರಗೆ ಬಂದಾಗ ಕಸ್ತೂರಿಬಾಯಿ, "ಸಿಟ್ಟಾಗಬ್ಯಾಡ್ರಿ, ನಿಮ್ಮ ಜೋಡಿ ನಾ ಜಗಳಾ ಮಾಡಾಕಂತಲೇ ನನ್ನ ಕಳಿಸ್ಯಾರ" ಅಂದಳು. ನಾನು ಸಿಟ್ಟಾಗಿರಲಿಲ್ಲ. ಅವಳನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು, ಇಬ್ಬರೂ ನಿಂತು ಗಿರಮಿಟ್ಟು ತಿಂದೆವು. ಅವಳು ಜೇವರ್ಗಿಯ ಅಂಗಡಿಗೆ ಬರಲು ಯಾವ ಓಣಿ ಹತ್ತಿರ, ಹೊಲದ ಕಡೆಯಿಂದ ಬರುವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದೆಲ್ಲ ಹೇಳುತ್ತಲೇ ಇದ್ದಳು.

ನಾಳೆ ಬೆಳಿಗ್ಗೆ ಜೇವರ್ಗಿಗೆ ಹೊರಟಿದ್ದೇನೆ. ಬಡಿಗೇರನನ್ನು ಬರಹೇಳಿದ್ದೇನೆ. ಮುಂಗಾರು ಬಿತ್ತನೆಗೆ ಮೊದಲು ಆ ಅಂಗಡಿಯ ಬಾಗಿಲು ತೆರೆದಿರುತ್ತದೆ, ಇದು ನನ್ನ ಮಾತು. ಅದಾದ ಮೇಲೆ ಅಕ್ಕಲಕೋಟೆಯ ವಿಷಯವನ್ನು ಮತ್ತೆ ಎತ್ತುತ್ತೇನೆ. ಆ ದಿನ ಸೋಲುವವಳು ನಾನಲ್ಲ.

ನಿನ್ನ,
ಸುನಂದಾ