ಹೊಟ್ಟೆ ಮೇಲಾದ ಮೀನು

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ 7. ಹಾಲು ಕಾಯಿಸಿದೆ. ಗಿಡಕ್ಕೆ ನೀರು ಹಾಕಿದೆ. ಮೀನಿನ ಮ್ಯಾಗ್ನೆಟ್ ಅಂಟಿಸಿದೆ — ಬಿತ್ತು. ಇದು ಮೂರನೇ ದಿನ. ಹೊಸ ಫ್ರಿಜ್ಜಿಗೆ ಏನೂ ಅಂಟುವುದಿಲ್ಲ.

ಮಗಳು ಕಳಿಸಿದ್ದು. ಕನ್ನಡಿ ಹಾಗೆ ಹೊಳೆಯುವ ಸ್ಟೀಲು. ತಂದು ಇಳಿಸಿದವನನ್ನು ಆವತ್ತೇ ಕೇಳಿದ್ದೆ, "ಏನಪ್ಪಾ, ನಮ್ಮ ಮ್ಯಾಗ್ನೆಟ್ ನಿಲ್ತಾನೇ ಇಲ್ವಲ್ಲ?" ಅಂತ. "ಇದು ಒರಿಜಿನಲ್ ಸ್ಟೀಲು ಯಜಮಾನ್ರೇ. ಮ್ಯಾಗ್ನೆಟ್ಟು ಗಿಗ್ನೆಟ್ಟು ಹತ್ರಾನೂ ಸೇರಿಸಲ್ಲ" ಅಂದ. ಅಂಟೂ ಇಲ್ಲ, ನಂಟೂ ಇಲ್ಲ. ಸನ್ಯಾಸಿ ಫ್ರಿಜ್ಜು.

ಪಕ್ಕಕ್ಕೆ ಅಂಟಿಸೋಣ ಅಂದರೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಪಾಟು. ಮಧ್ಯೆ ಬೆರಳು ತೂರುವಷ್ಟು ಸಂದಿ. ಅದರೊಳಗೆ ಮೀನು ಬಿದ್ದು, ಪೊರಕೆ ಕಡ್ಡಿಯಲ್ಲಿ ಅರ್ಧ ಗಂಟೆ ಮೀನು ಹಿಡಿದೆ.

ನಮ್ಮ ದರ್ಜಿಗೆ ಹೇಳಿದೆ — "ಅಯಸ್ಕಾಂತ ಅಂದ್ರೆ ಕಬ್ಬಿಣದ ಗಂಡ ಕಣೇ. ಗಂಡನ್ನ ಕಂಡ್ರೆ ಮುಖ ತಿರುಗಿಸೋ ಹೆಂಡ್ತಿ ಈ ಫ್ರಿಜ್ಜು."

"ಫ್ರಿಜ್ಜಿಗೆ ಬುದ್ಧಿ ಇದೆ ರೀ" ಅಂದಳು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

ನನ್ನ ಹೆಂಡತಿ, ಮೊದಲ ದರ್ಜೆಯ ದರ್ಜಿ. ಕೈಹಿಡಿದದ್ದು ಮಾತ್ರ ಮೂರನೇ ದರ್ಜೆಯ ಪ್ರಯಾಣಿಕನನ್ನು.

ಐದು ಮ್ಯಾಗ್ನೆಟ್ಟೂ ಸದ್ಯ ಬಿಸ್ಕತ್ತಿನ ಡಬ್ಬಿಯಲ್ಲಿ. ನಾಳೆಗೆ ಒಂದು ಕುಚೇಷ್ಟೆ ಹೊಳೆದಿದೆ. ನಮ್ಮಿಬ್ಬರ ಕನ್ನಡಕದ ಫ್ರೇಮೂ ಒಂದೇ, ಒಂದು ಕೊಂಡರೆ ಒಂದು ಫ್ರೀ ಅಂತ ತಂದದ್ದು. ಅದಲು ಬದಲು ಮಾಡಿಟ್ಟರೆ? ಹಿಹಿ.

ಫೆಬ್ರವರಿ 4, ಮಂಗಳವಾರ, ಮಧ್ಯಾಹ್ನ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕು.

ಅವಳು ಸ್ನಾನಕ್ಕೆ ಹೋದಾಗ ಕನ್ನಡಕ ಬದಲಿಸಿ ಇಟ್ಟೆ. ಬಾಯಿಗೆ ಟವೆಲ್ಲು ತುರುಕಿಕೊಂಡು ಬಾಗಿಲ ಹಿಂದೆ ನಿಂತೆ. ಬಂದಳು. ಮೆಷಿನ್ ಮುಂದೆ ಕೂತಳು. ಸೂಜಿಗೆ ದಾರ ಪೋಣಿಸಲು ಹೋದಳು. ಆಗಲಿಲ್ಲ. ದಾರದ ತುದಿ ಬಾಯಲ್ಲಿ ಒದ್ದೆ ಮಾಡಿ ಇನ್ನೊಂದು ಸಲ. ಇಲ್ಲ. ಕಿಟಕಿ ಕಡೆ ತಿರುಗಿ ಕಣ್ಣು ಉಜ್ಜಿಕೊಂಡಳು. ಮೂಲೆಮನೆಯ ನರ್ಸಮ್ಮ ಕೊಟ್ಟ ಬಿಳಿ ಕೋಟಿನ ಬಟ್ಟೆ ಎಳೆದು ಕತ್ತರಿ ಹಾಕಿದಳು. ಚಾಕ್‌ಪೀಸಿನ ಗೆರೆ ಒಂದು ಕಡೆ, ಕತ್ತರಿ ಇನ್ನೊಂದು ಕಡೆ. ತೋಳು ಹಾಳು.

ಈಗ ಕೂಗುತ್ತಾಳೆ, ಈಗ ಬೈಯುತ್ತಾಳೆ ಅಂತ ಕಾದೆ. ಕೂಗಲಿಲ್ಲ. ಕತ್ತರಿ ಕೆಳಗಿಟ್ಟಳು. ಕಣ್ಣು ಮುಚ್ಚಿದಳು. ಬಟ್ಟೆಯ ಅಂಚನ್ನು ಬೆರಳಲ್ಲಿ ತಡವುತ್ತಾ ಹೋದಳು... ಹೊಲಿಗೆ ಎಲ್ಲಿ ಶುರು, ಎಲ್ಲಿ ಮುಗಿಯಿತು... ಅವಳ ಅಮ್ಮ ಕೊನೆಯ ಆರು ವರ್ಷ ಹೀಗೇ ಹೊಲಿಯುತ್ತಿದ್ದರು. ಅವರಿಗೆ ಕಣ್ಣು ಪೂರ್ತಿ ಹೋಗಿತ್ತು. ಇವಳು ಈಗಲೇ ಅಭ್ಯಾಸ ಮಾಡುತ್ತಿದ್ದಳು.

ನಗು ಎಲ್ಲಿ ಹೋಯಿತೋ. ಆಗಲೇ ಹೊರಗೆ ಬರಬೇಕಿತ್ತು. ಫ್ರಿಜ್ಜಿಗೆ ಅಂಟದ್ದೆಲ್ಲ ಕಾಲಿಗೆ ಅಂಟಿದ ಹಾಗೆ ನಿಂತುಬಿಟ್ಟೆ. ಕೊನೆಗೆ ಬಂದೆ. ಹಾಳು ಬಾಯಿಗೆ ಬಂದದ್ದು ಏನು — "ಎಕ್ಸ್‌ಚೇಂಜ್ ಆಫರ್!"

ಹಾಕಿಕೊಂಡದ್ದನ್ನು ತೆಗೆದಿಟ್ಟಳು. ನನ್ನ ಮೂಗಿನ ಮೇಲಿದ್ದ ತನ್ನ ಕನ್ನಡಕ ತೆಗೆದು ಹಾಕಿಕೊಂಡಳು. ನನ್ನನ್ನು ಒಂದು ಸಲ ಸರಿಯಾಗಿ ನೋಡಿದಳು. ಒಳಗೆ ಹೋದಳು.

ಅಷ್ಟೇ. ಬಾಯಿಗೆ ಹೊಲಿಗೆ.

ಫೆಬ್ರವರಿ 5, ಬುಧವಾರ

ನನ್ನ ಹತ್ತಿರ ಮಾತಿಲ್ಲ. ಹೇಳಬೇಕಾದ್ದನ್ನು ಫ್ರಿಜ್ಜಿಗೆ ಹೇಳುತ್ತಾಳೆ. "ಫ್ರಿಜ್ಜೇ, ಊಟ ಬಡಿಸಿದೆ. ತಿನ್ನೋರು ತಿನ್ನಬಹುದು."

ತಡೆಯಲಾಗಲಿಲ್ಲ. "ತಪ್ಪಾಯ್ತು ಕಣೇ" ಅಂದೆ. ತಮಾಷೆ ಸೇರಿಸದೆ ಅಂದೆ.

ಫ್ರಿಜ್ಜಿಗೆ ಹೇಳಿದಳು — "ದಿನಕ್ಕೆ ಹತ್ತು ಸಲ ಮೈಕಲ್ಲಿ ವಿಷಾದಿಸಿದ ಬಾಯಿ ಅದು. ಅದ್ರಿಂದ ಒಂದು ಗಾಡಿನಾದ್ರೂ ಬೇಗ ಬಂತಾ ಕೇಳು."

ನಿಜ. ಮೂವತ್ತೊಂದು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರ್ ಆಗಿದ್ದೆ. ನಾನು ಎರಡನೇ ಪ್ಲಾಟ್‌ಫಾರ್ಮ್ ಅಂದರೆ ಸಾವಿರ ಜನ ಗಂಟುಮೂಟೆ ಹೊತ್ತು ಓಡುತ್ತಿದ್ದರು. ಮನೆಯಲ್ಲಿ ಮಳೆ ಬರ್ತಿದೆ ಅಂದರೆ ಇವಳು ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡಿ, ಆಮೇಲೆ ಒಣಗಿದ ಬಟ್ಟೆ ತರುತ್ತಾಳೆ.

ಅದಕ್ಕೇ ತಾನೇ ಮೀನು ಇದ್ದದ್ದು.

ಮದುವೆಯಾದ ಎರಡನೇ ವರ್ಷ ಮೊದಲ ಫ್ರಿಜ್ಜು ಬಂತು. ಜೊತೆಗೆ ಈ ನೀಲಿ ಮೀನು. ಆ ವಾರವೇ ಏನೋ ಜಗಳ. ನನ್ನ ಮಾತು ಅವಳು ನಂಬಲಿಲ್ಲ. ಮೀನನ್ನು ಹೊಟ್ಟೆ ಮೇಲೆ ಮಾಡಿ ಅಂಟಿಸಿದೆ — ಸತ್ತೆ, ನಂದೇ ತಪ್ಪು ಅಂತ. ಸಂಜೆ ನೋಡಿದರೆ ಮೀನು ನೆಟ್ಟಗೆ ಈಜುತ್ತಿದೆ. ರಾಜಿ! ಆಮೇಲೆ ಅದೇ ಕಾನೂನು. ತಪ್ಪು ಮಾಡಿದವರು ಮೀನು ಮಗುಚಬೇಕು, ಕ್ಷಮಿಸಿದವರು ನೆಟ್ಟಗೆ ಮಾಡಬೇಕು. ಮಾತಿಲ್ಲ, ಕತೆ ಇಲ್ಲ. ನಾನು ಇನ್ನೂರು ಸಲವಾದರೂ ಸತ್ತಿದ್ದೇನೆ. ಅವಳು ಎರಡೇ ಸಲ. ಅದರಲ್ಲಿ ಒಂದು ಸಲ ತಪ್ಪು ನನ್ನದೇ.

ಅವಳು ನಂಬುವ ನನ್ನ ಮಾತು ಅದೊಂದೇ. ಈಗ ಅದಕ್ಕೆ ನಿಲ್ಲಲು ಜಾಗ ಇಲ್ಲ.

ಫೆಬ್ರವರಿ 6, ಗುರುವಾರ

ಡಬ್ಬಿ ಹಿಡಿದು ಮನೆಯೆಲ್ಲ ತಿರುಗಿದೆ, ಮಕ್ಕಳಿಗೆ ಸ್ಕೂಲ್ ಸೀಟು ಕೇಳುವ ಅಪ್ಪನ ಹಾಗೆ.

ಪಾತ್ರೆಗಳು: ಎಲ್ಲಾ ಸ್ಟೀಲು, ಫ್ರಿಜ್ಜಿನ ಕಸಿನ್ನುಗಳು. ಒಂದೂ ಹಿಡಿಯಲಿಲ್ಲ. ಮಿಕ್ಸಿ: ಪ್ಲಾಸ್ಟಿಕ್ಕು. ಪ್ಲಂಬರ್ ನಂಬರಿನ ಮ್ಯಾಗ್ನೆಟ್ಟು ಸಿಂಕಿನ ಕೆಳಗಿನ ಕಬ್ಬಿಣದ ಪೈಪಿಗೆ ತಾನೇ ಹಾರಿ ಕೂತಿತು. ಕಸುಬು ಬಿಟ್ಟಿಲ್ಲ! ಟೊಮೇಟೊ ಹೋಗಿ ಗ್ಯಾಸ್ ಸಿಲಿಂಡರಿಗೆ. ಎರಡೂ ಕೆಂಪು, ಅಣ್ಣ ತಂಗಿ ಇದ್ದ ಹಾಗಿದ್ದಾರೆ. ರಿಟೈರ್ ಆದಾಗ ಕೊಟ್ಟ ರೈಲು ಎಂಜಿನ್ನು ನನ್ನ ಟ್ರಂಕಿಗೆ, ಶೆಡ್ಡಿಗೆ ಬಂದ ಹಾಗೆ. ಬಾತುಕೋಳಿ ಬಾತ್‌ರೂಮಿಗೆ, ಬಕೆಟ್ಟಿನ ಹಿಡಿಗೆ. ಹೆಸರಲ್ಲೇ ಇತ್ತು ಅಡ್ರೆಸ್ಸು.

ನಾಲ್ಕಕ್ಕೂ ಮನೆ ಸಿಕ್ಕಿತು. ಮೀನಿಗೆ ಸಿಗಲಿಲ್ಲ. ಮೀನಿಗೆ ಎಲ್ಲೋ ಒಂದು ಕಡೆ ಸಾಲದು, ಅವಳ ಕಣ್ಣಿಗೆ ಬೀಳುವ ಕಡೆ ಬೇಕು.

ಫೆಬ್ರವರಿ 7, ಶುಕ್ರವಾರ

ಅಡುಗೆಮನೆ ಕಿಟಕಿಯ ಸರಳಿಗೆ ಅಂಟಿಸಿದೆ, ಹೊಟ್ಟೆ ಮೇಲೆ ಮಾಡಿ. ಅವಳು ಅಲ್ಲೇ ನಿಂತು ತರಕಾರಿ ಹೆಚ್ಚಿದಳು. ಮೂರು ಸಲ ಕಿಟಕಿ ಕಡೆ ನೋಡಿದಳು. ಮುಟ್ಟಲಿಲ್ಲ.

ಎದುರುಮನೆ ಹುಡುಗಿ ಮಾತ್ರ ಅಲ್ಲಿಂದಲೇ ಕೂಗಿದಳು — "ಅಂಕಲ್, ಮೀನಂಗಡಿ ಇಟ್ರಾ? ಫ್ರೆಶ್ಶಾ?"

"ನಲವತ್ತು ವರ್ಷ ಹಳೇದಮ್ಮ. ಬೇಕಾ?"

ಊರಿಗೆಲ್ಲ ಕಂಡಿತು. ಕಾಣಬೇಕಾದವಳು ಕಂಡೂ ಕಾಣದ ಹಾಗಿದ್ದಳು. ಇಷ್ಟು ಕೋಪ ಯಾವತ್ತೂ ಇರಲಿಲ್ಲ.

ಫೆಬ್ರವರಿ 9, ಭಾನುವಾರ

ಮಗಳ ಫೋನು.

"ಅಪ್ಪಾ, ಅಮ್ಮಂಗೆ ಏನು ಮಾಡ್ದೆ ನೀನು?"

ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು, "ಅಪ್ಪಾ... ಅಮ್ಮನ ಎರಡೂ ಕಣ್ಣಲ್ಲಿ ಪೊರೆ ಬಂದಿದೆ, ಎಡಗಣ್ಣಲ್ಲಿ ಜಾಸ್ತಿ. ಹದಿನಾಲ್ಕಕ್ಕೆ ಆಪರೇಷನ್. ಹೋದ ತಿಂಗಳೇ ಡಾಕ್ಟ್ರು ಹೇಳಿದ್ರು. ನಿಂಗೆ ಹೇಳ್ಬೇಡ ಅಂದಿದ್ಲು."

"ಯಾಕೆ?"

"ನೀನು ಜೋಕ್ ಮಾಡ್ತೀಯ ಅಂತ."

ಕುರ್ಚಿ ಹುಡುಕಿ ಕೂತೆ.

"ಭಯ ಬೀಳೋದೇನೂ ಇಲ್ಲ, ಅರ್ಧ ಗಂಟೆ ಕೆಲಸ. ಆದ್ರೆ ಅಜ್ಜಿದು ನೋಡಿದಾಳಲ್ಲ, ಅಮ್ಮಂಗೆ ತುಂಬಾ ಹೆದರಿಕೆ. ನಾನೇ ಬರೋದಿತ್ತು, ಮಗೂಗೆ ಜ್ವರ. ನರ್ಸಮ್ಮನ್ನ ಕರ್ಕೊಂಡು ಹೋಗ್ತಾಳಂತೆ."

"ನಾನಿದೀನಲ್ಲೇ."

"ಅದನ್ನ ಅಮ್ಮಂಗೆ ಹೇಳಪ್ಪಾ. ನಾನ್ಯಾರು ಹೇಳೋಕೆ?"

ಹೇಗೆ ಹೇಳಲಿ. ಯಾವ ಬಾಯಲ್ಲಿ.

ಫೆಬ್ರವರಿ 11, ಮಂಗಳವಾರ

ನಿನ್ನೆ ಬರೆಯಲಿಲ್ಲ. ಪುಟ ತೆಗೆದರೆ ಅವಳು ಕಣ್ಣು ಮುಚ್ಚಿ ಬಟ್ಟೆ ತಡವುವುದೇ ಕಾಣುತ್ತೆ.

ಇವತ್ತು ಇನ್ನೊಂದು ಎಡವಟ್ಟು. ಗೋಡೆಗೆ ನೇತುಹಾಕುವ ಕಬ್ಬಿಣದ ಬಾಣಲೆ ಇದೆಯಲ್ಲ, ದಿನಾ ಅವಳ ಕೈಗೆ ಬರುವಂಥದ್ದು. ಅದರ ಹಿಡಿಯ ಪಕ್ಕ ಮೀನು ಅಂಟಿಸಿ ಹಾಲು ತರಲು ಹೋದೆ. ಬರುವಷ್ಟರಲ್ಲಿ ಮನೆಯೆಲ್ಲ ಪ್ಲಾಸ್ಟಿಕ್ ಸುಟ್ಟ ವಾಸನೆ. ಬಾಣಲೆ ಒಲೆ ಮೇಲೆ! ಓಡಿ ಹೋಗಿ ಇಕ್ಕಳದಲ್ಲಿ ಕಿತ್ತೆ. ಬಾಲ ಕರಗಿ ಹೋಗಿದೆ. ಮೈ ಉಳಿದಿದೆ.

ಅವಳು ಪಕ್ಕದಲ್ಲೇ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. "ಫ್ರಿಜ್ಜೇ... ಅದು ಅಲ್ಲಿ ಇದ್ದದ್ದು ನಂಗೆ ಗೊತ್ತಾಗ್ಲಿಲ್ಲ" ಅಂದಳು. ಸ್ವರ ಸಣ್ಣದಾಗಿತ್ತು.

ಆಗ ಹೊಳೆಯಿತು, ದಡ್ಡ ಮುಂಡೇದಕ್ಕೆ. ಗೊತ್ತಾಗಲಿಲ್ಲ! ಬಾಣಲೆ ಅವಳ ಎಡಗಡೆಯ ಗೋಡೆಗೆ. ಕಿಟಕಿಯಲ್ಲಿ ಎದುರು ಬಿಸಿಲು, ಪೊರೆ ಬಂದ ಕಣ್ಣಿಗೆ ಬರೀ ಮಂಜು. ಮೀನಿನ ನೀಲಿಯೂ ಎಂದೋ ಬೂದಿಯಾಗಿದೆ. ಅವಳು ಕ್ಷಮಿಸದೆ ಬಿಟ್ಟದ್ದಲ್ಲ. ಅವಳಿಗೆ ಕಂಡೇ ಇಲ್ಲ. ನಾಲ್ಕು ದಿನದಿಂದ ನಾನು ಮೀನು ಮಗುಚಿ ತಪ್ಪು ಒಪ್ಪಿಕೊಂಡದ್ದೇ ಅವಳಿಗೆ ಗೊತ್ತಿಲ್ಲ!

ದುಃಖದಲ್ಲೂ ಒಂಥರಾ ಖುಷಿ. ಕಣ್ಣಿಗೆ ಕಾಣುವ ಜಾಗ ಹುಡುಕಿದ್ದೇ ತಪ್ಪು. ಕೈಗೆ ಸಿಗುವ ಜಾಗ ಬೇಕು.

ಅಂಥದ್ದು ಈ ಮನೆಯಲ್ಲಿ ಒಂದೇ. ಅದನ್ನು ಮುಟ್ಟುವಂತಿಲ್ಲ.

ಫೆಬ್ರವರಿ 12, ಬುಧವಾರ, ಬೆಳಿಗ್ಗೆ 6.30

ಮೆಷಿನ್. ಕಪ್ಪು ಎರಕದ ಕಬ್ಬಿಣ, ಅವಳ ಅಮ್ಮನದು. "ನನ್ನ ಮುಟ್ಟಿ, ಮೆಷಿನ್ ಮುಟ್ಬೇಡಿ" — ಮದುವೆಯ ವಾರವೇ ಹೇಳಿದ ಮಾತು. ಮಗಳೂ ಮುಟ್ಟಿಲ್ಲ.

ಮುಟ್ಟಿದೆ.

ಮೊದಲು ಕೈಚಕ್ರಕ್ಕೆ ಅಂಟಿಸೋಣ ಅಂದುಕೊಂಡೆ. ಆದರೆ ಚಕ್ರ ತಿರುಗಿದರೆ ಮೀನೂ ತಿರುಗುತ್ತೆ. ನಂದೇ ತಪ್ಪು, ಅಲ್ಲ, ನಂದೇ ತಪ್ಪು, ಅಲ್ಲ... ಬೇಡ. ದಿನಾ ಕೂತ ಕೂಡಲೇ ಅವಳು ಮೆಷಿನ್ನಿನ ಕತ್ತು ಸವರುತ್ತಾಳೆ, ಕುದುರೆಯ ಕತ್ತು ಸವರಿದ ಹಾಗೆ. ಅಲ್ಲಿಟ್ಟೆ. ಹೊಟ್ಟೆ ಮೇಲೆ. ಗಪ್ಪಂತ ಹಿಡಿಯಿತು. ಆಹಾ, ಆ ಸದ್ದು ಕೇಳಿ ಎಷ್ಟು ದಿನವಾಗಿತ್ತು!

ಅದೇ ದಿನ, ಮಧ್ಯಾಹ್ನ 2 ಗಂಟೆ

ವರಾಂಡದಲ್ಲಿ ಪೇಪರ್ ಹಿಡಿದು ಕೂತಿದ್ದೆ, ಓದದೆ. ಕುರ್ಚಿ ಎಳೆದ ಸದ್ದು. ಆಮೇಲೆ ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ. ಇಣುಕಲು ಧೈರ್ಯ ಬರಲಿಲ್ಲ. ಆಮೇಲೆ ಟಕಟಕಟಕ ಶುರು.

ಊಟಕ್ಕೆ ಮುಂಚೆ ನೋಡಿದೆ. ಮೀನು ಇಲ್ಲ. ಮಗುಚಿಯೂ ಇಲ್ಲ, ನೆಟ್ಟಗೂ ಇಲ್ಲ. ಇಲ್ಲವೇ ಇಲ್ಲ.

"ಫ್ರಿಜ್ಜೇ, ನನ್ನ ಮೆಷಿನ್ ಯಾರೋ ಮುಟ್ಟಿದಾರೆ" ಅಂದಳು, ಬಡಿಸುತ್ತಾ.

ಫ್ರಿಜ್ಜು ಏನೂ ಅನ್ನಲಿಲ್ಲ. ನಾನು ತಲೆ ತಗ್ಗಿಸಿ ಅನ್ನ ಕಲಸಿದೆ.

ಫೆಬ್ರವರಿ 13, ಗುರುವಾರ

ಕಸದ ಬುಟ್ಟಿ ನೋಡಿದೆ. ಪಿನ್ನಿನ ಡಬ್ಬಿ, ಗುಂಡಿಯ ಡಬ್ಬಿ ನೋಡಿದೆ. ಮೀನಿಲ್ಲ. ನಲವತ್ತು ವರ್ಷದಲ್ಲಿ ಮೀನೇ ಮಾಯವಾದದ್ದು ಇದು ಮೊದಲು. ಇದಕ್ಕೆ ಕಾನೂನಿನಲ್ಲಿ ಅರ್ಥವೇ ಇಲ್ಲ.

ಸಂಜೆ ನರ್ಸಮ್ಮ ಕೋಟು ಒಯ್ಯಲು ಬಂದರು. ಹೊಸ ತೋಳು ಹಾಕಿ ಕೊಟ್ಟಿದ್ದಾಳೆ. ಇಬ್ಬರೂ ಬಾಗಿಲಲ್ಲಿ ನಿಂತು ಏನೋ ಪಿಸಪಿಸ. ನರ್ಸಮ್ಮ ನನ್ನ ಕಡೆ ನೋಡಿ ನಕ್ಕರು. ನಗಲಿ. ನಗುವಂಥದ್ದೇ ಮಾಡಿದ್ದೇನೆ.

ಅವಳು ಚೀಲಕ್ಕೆ ಟವೆಲ್ಲು, ನೀರಿನ ಬಾಟಲಿ, ಡಾಕ್ಟರ ಚೀಟಿ ತುಂಬಿದಳು. ನನ್ನನ್ನು ಕರೆಯಲಿಲ್ಲ.

ಕರೆಯದಿದ್ದರೂ ಹೋಗುತ್ತೇನೆ. ಹಿಂದಿನಿಂದ ಇನ್ನೊಂದು ಟ್ಯಾಕ್ಸಿ ಹಿಡಿದು. ಒಳಗೆ ಬಿಡದಿದ್ದರೆ ಮೆಟ್ಟಿಲ ಮೇಲೆ ಕೂರುತ್ತೇನೆ. ಇದರಲ್ಲಿ ತಮಾಷೆ ಇಲ್ಲ. ಬೇಕೆಂದರೆ ಹುಡುಕಲಿ, ಈ ಸಾಲಿನಲ್ಲಿ ಇಲ್ಲ.

ಫೆಬ್ರವರಿ 14, ಶುಕ್ರವಾರ, ಬೆಳಿಗ್ಗೆ 6.40

ಇಸ್ತ್ರಿ ಮಾಡಿದ ಶರ್ಟು ಹಾಕಿ ರೆಡಿ. ಮಂಚದ ತುದಿಯಲ್ಲಿ ಕೂತಿದ್ದೇನೆ. ಅವಳು ಅಡುಗೆಮನೆಯಲ್ಲಿ.

ಅಕ್ಷರ ಯಾಕೋ ಅಲುಗುತ್ತಿದೆ. ಬರೆದದ್ದು ಗೆರೆಯಿಂದ ಕೆಳಗೆ ಇಳಿಯುತ್ತಿದೆ. ಕನ್ನಡಕ ಒರೆಸಿದೆ. ಹಾಗೇ ಇದೆ. ನನಗೂ ಪೊರೆ ಬಂತಾ? ರಾತ್ರಿ ಬೆಳಗಾಗುವುದರೊಳಗೆ? ಆವತ್ತು ಇವಳಿಗೆ ಹೀಗೇ ಆಗಿರಬೇಕು...

ಬಾಗಿಲ ಚಿಲಕದ ಮೇಲೆ ಏನೋ ಮಸುಕು ಮಸುಕು. ಹತ್ತಿರ ಹೋದೆ. ಕಾಣಲಿಲ್ಲ. ಬೆರಳಲ್ಲಿ ತಡವಿದೆ. ಬಾಯಿ. ಬೆನ್ನಿನ ರೆಕ್ಕೆ — ಮೇಲೆ! ಹೊಟ್ಟೆ ಕೆಳಗೆ. ನೆಟ್ಟಗಿದೆ! ಹಿಂದೆ ಸುಟ್ಟ ಜಾಗದಲ್ಲಿ ಬಟ್ಟೆಯ ಬಾಲ. ಗಟ್ಟಿ ಬಿಳಿ ಬಟ್ಟೆ, ಹಾಳಾದ ತೋಳಿನದ್ದೇ. ಸಾಸಿವೆಯಷ್ಟು ಸಣ್ಣ ಹೊಲಿಗೆ. ಎಣಿಸಬಹುದು ಬೆರಳಲ್ಲೇ. ಮತ್ತೆ ಬಂದು ಕೂತು ಬರೆಯುತ್ತಿದ್ದೇನೆ. ಬರೆಯದೆ ಇರಲಾರೆ.

ಬಾಗಿಲ ಹಿಂದೆ ಸದ್ದು. ಯಾರೋ ಬಾಯಿಗೆ ಟವೆಲ್ಲು ತುರುಕಿಕೊಂಡು ಮೂಗಲ್ಲಿ ನಕ್ಕ ಹಾಗೆ.

"ರೀ! ಏನು, ಕಣ್ಣು ಮಂಜಾ?"

ಹತ್ತು ದಿನದ ಮೇಲೆ ಮೊದಲ 'ರೀ'.

"ಬರೆದಿದ್ದು ಸಾಕು ಏಳಿ. ನಿಮ್ಮ ಗಾಡಿ ಒಂದನೇ ಪ್ಲಾಟ್‌ಫಾರ್ಮಿಗೆ ಬಂದಿದೆ. ನರ್ಸಮ್ಮಂಗೆ ನಿನ್ನೆನೇ ಬೇಡ ಅಂದೆ. ಒಬ್ಳನ್ನೇ ಕಳಿಸ್ತೀರೋ? ಮತ್ತೆ ಕೇಳಿ, ಎಕ್ಸ್‌ಚೇಂಜ್ ಆಫರ್ ಇವತ್ತಿಗೆ ಕೊನೆ!"

ಅಯ್ಯೋ ಇವಳ! ನನ್ನ ಮೂಗಿನ ಮೇಲೆ ಇರೋದು ಅವಳ ಕನ್ನಡಕ!