ಖಾಲಿಗೆ ಮಹಾಪ್ರಾಣ

ಏಪ್ರಿಲ್ 20, ಸೋಮವಾರ

ಚರ್ಚಿನ ಹಿಂದಿನ ಶೆಡ್ಡು. ಹದಿನಾಲ್ಕು ಮಕ್ಕಳು, ಒಂದು ಫ್ಯಾನು. ಮೇ ಎರಡಕ್ಕೆ ಇವರ ಮೊದಲ ಪಾಪಸಂಕೀರ್ತನೆ. ಫಾದರ್ ಇನ್ನಾಸಪ್ಪನವರ ಮುಂದೆ ಮಂಡಿಯೂರಿ, ಮಾಡಿದ ತಪ್ಪು ಹೇಳಿ, ಕ್ಷಮೆ ಪಡೆದು ಎದ್ದು ಬರಬೇಕು. ಅಷ್ಟೇ. ಅಷ್ಟನ್ನು ಕಲಿಸಲು ನಾನು— ಕೋಲಾರದ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕ. ಹತ್ತು ವರ್ಷವಾದರೂ ಎದ್ದು ಹೋಗದ ಅತಿಥಿ.

ಕದಿರೇಶ ಕೈ ಎತ್ತಿದ. "ಸಾರ್, ಸಂಕೀರ್ತನೆ ಅಂದ್ರೆ ಹಾಡ್ಬೇಕಾ?"

"ನಿನ್ ಗಂಟಲಿಗೆ ಬೇಡ ಕಣೋ. ಮೆಲ್ಲಗೆ ಹೇಳು, ಸಾಕು."

"ಟೊಮ್ಯಾಟೊ ಬಾಕ್ಸಲ್ಲಿ ಮೇಲೆ ಕೆಂಪಗಿರೋದು, ಕೆಳಗೆ ಕೊಳೆತಿದ್ದು ಇಟ್ಟೆ ಸಾರ್. ತಾತ ಇಡು ಅಂದ್ರು. ಪಾಪ ಯಾರ್ದು?"

"ನಿನ್ ಪಾಲಿಂದು ನೀನು ಹೇಳು. ತಾತಂದು ತಾತನೇ ಹೇಳ್ಕೋಬೇಕು. ಇನ್ನೊಬ್ಬರ ಪಾಪ ನಾವು ಹೇಳೋ ಹಾಗಿಲ್ಲ."

ಎಲ್ಲರೂ ಬರೆದುಕೊಂಡರು. ಸಹನ ಅದರ ಕೆಳಗೆ ಎರಡು ಗೀಟು ಎಳೆದಳು. ನನ್ನ ಮಗಳು. ಇಲ್ಲಿ 'ಸಾರ್' ಅನ್ನುತ್ತಾಳೆ, ಮನೆಗೆ ಹೋದಮೇಲೆ 'ಅಪ್ಪಾ'.

ಏಪ್ರಿಲ್ 22, ಬುಧವಾರ

"ಪಾಪ ಅಂದ್ರೇನು?" ಅಂತ ಕೇಳಿದ್ದೇ ತಪ್ಪಾಯಿತು. ರೀಟಾ ಮುಳಬಾಗಿಲು ಕಡೆಯವಳು, ಮನೆಮಾತು ತೆಲುಗು. "ಮಾ ಪಾಪ ತೊಟ್ಟಿಲಲ್ಲಿದೆ ಸಾರ್" ಅಂದಳು. ಅವರಲ್ಲಿ ಪಾಪ ಅಂದರೆ ಕೂಸು. ಶೆಡ್ಡು ಹಾರಿಹೋಗುವ ಹಾಗೆ ನಕ್ಕರು. ನಾನು ಬಿಡುತ್ತೇನೆಯೇ? "ಮಾಡಿದ ಪಾಪಾನೂ ಹಾಗೇ ಕಣಮ್ಮ, ಎಷ್ಟು ತೂಗಿದ್ರೂ ಮಲಗಲ್ಲ." ಚಪ್ಪಾಳೆ.

ಸಹನ ನಗಲಿಲ್ಲ.

ಆಮೇಲೆ ಹೊಳೆಯಿತು. ನನ್ನ ಹೆಂಡತಿ ಶ್ಯಾಮಲಾಳ ತವರು ಶ್ರೀನಿವಾಸಪುರ, ಅದೂ ತೆಲುಗು ಸೀಮೆ. ನಮ್ಮ ಮನೆಯಲ್ಲೂ ಕೂಸಿಗೆ ಅದೇ ಮಾತು. ಹೊಟ್ಟೆಯ ಮೇಲೆ ಮಗಳ ಕೈ ಇಟ್ಟು, "ಪಾಪ ಒದೀತಿದೆ ನೋಡೇ" ಅನ್ನುತ್ತಿದ್ದಳು. ಹೋದ ಆಗಸ್ಟಿನವರೆಗೆ. ಏಳನೇ ತಿಂಗಳು... ತೊಟ್ಟಿಲು ಇನ್ನೂ ಅಟ್ಟದ ಮೇಲಿದೆ.

ಬೇರೆ ವಿಷಯ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಮಕ್ಕಳ ಮೊಬೈಲ್ ಹುಚ್ಚಿನದೇ ಗೋಳು. ನಮ್ಮ ಸಹನ ಎಂಟು ತಿಂಗಳಿಂದ ಗೇಮ್ ಆಡಿಲ್ಲ. ನನ್ನ ಫೋನ್ ಮುಟ್ಟುವುದು ಚಾರ್ಜಿಗೆ ಹಾಕಲು ಮಾತ್ರ. ದಿನಾ. ಹೇಳದೆಯೇ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ಬಂದೆ.

ಏಪ್ರಿಲ್ 27, ಸೋಮವಾರ

ಇವತ್ತು ಪಾಪದ ಚೀಟಿ. ಮನೆಯಲ್ಲಿ ಬರೆದುಕೊಳ್ಳಬೇಕು, ಯಾರೂ ನೋಡಬಾರದು, ಹೇಳಿ ಮುಗಿದ ಮೇಲೆ ಸುಟ್ಟುಹಾಕಬೇಕು. ಸಂಜೆ ಸಹನ ಕೈ ಅಡ್ಡ ಇಟ್ಟು ಬರೆಯುತ್ತಿದ್ದಳು.

"ಅಪ್ಪಾ, ಖಾಲಿಗೆ ಅಲ್ಪಪ್ರಾಣನಾ, ಮಹಾಪ್ರಾಣನಾ?"

"ಮಹಾಪ್ರಾಣ. ಏನೇ ಖಾಲಿ ಮಾಡಿದ್ದು, ಸಕ್ಕರೆ ಡಬ್ಬಾನಾ?"

'ಕಾ' ಅಳಿಸಲು ಕೈ ತೆಗೆದಳು. ಕಣ್ಣಿಗೆ ಬಿತ್ತು.

'ನಾನು ಗೇಮ್ ಆಡಿ ಅಪ್ಪನ ಫೋನ್ ಚಾರ್ಜ್ ಕಾಲಿ ಮಾಡಿದೆ. ಅದಕ್ಕೆ ನಮ್ಮ ಪಾಪ ಸತ್ತುಹೋಯಿತು.'

ಅಲ್ಪಪ್ರಾಣ...

ಏಪ್ರಿಲ್ 28, ಬೆಳಿಗ್ಗೆ 5.40

ಇಲ್ಲಾದರೂ ಬರೆಯುತ್ತೇನೆ.

ಆಗಸ್ಟ್ ಹದಿನೇಳು, ಭಾನುವಾರ. ಮನೆಯಿಂದ ಹತ್ತು ನಿಮಿಷದ ಸಭಾಂಗಣದಲ್ಲಿ ನನ್ನ ಹಾಸ್ಯಭಾಷಣ. ಫೋನ್ ಅದುರಿತು. ಶ್ಯಾಮಲಾಳ ಹೆಸರು. ನೋಡಿದೆ. ಜನ ನಗುತ್ತಿದ್ದರು. ಸ್ವಿಚ್ ಆಫ್ ಮಾಡಿದೆ.

ಅವಳಿಗೆ ಆಟೊ ಸಿಗಲು ಮುಕ್ಕಾಲು ಗಂಟೆ. ಇನ್ನೊಂದು ಅರ್ಧ ಗಂಟೆ ಮೊದಲು ಬಂದಿದ್ದರೆ— ಡಾಕ್ಟರು ಅಷ್ಟಕ್ಕೇ ನಿಲ್ಲಿಸಿದರು.

"ಯಾಕ್ರೀ ಫೋನ್ ಎತ್ತಲಿಲ್ಲ?"

"ಬೆಳಿಗ್ಗೆ ಸಹನ ಗೇಮ್ ಆಡಿದ್ಲಲ್ಲ... ಚಾರ್ಜ್ ಖಾಲಿಯಾಗಿತ್ತು."

ಬಾಯಿಗೆ ಬಂದದ್ದು. ಅರವತ್ತೆರಡು ಪರ್ಸೆಂಟ್ ಇತ್ತು. ಭಾಷಣ ಮುಗಿಸಿ ಆನ್ ಮಾಡಿದಾಗ ನೋಡಿದ್ದೆ. ಚಾರ್ಜ್ ಫೋನಿನಲ್ಲೇ ಇತ್ತು, ಚಾರ್ಜ್‌ಶೀಟ್ ಮಗಳ ಮೇಲೆ ಹಾಕಿದೆ.

ಇದಕ್ಕೂ ಶ್ಲೇಷೆ. ಥೂ.

ಏಪ್ರಿಲ್ 30, ಗುರುವಾರ

"ಅದು ನಿನ್ ತಪ್ಪಲ್ಲ ಕಣೇ."

"ಹಾಗಾದ್ರೆ ಯಾರ್ದು?"

"ಯಾರದೂ ಅಲ್ಲ."

"ಆಸ್ಪತ್ರೇಲಿ ಅಮ್ಮಂಗೆ ನೀನೇ ಹೇಳಿದ್ದಲ್ಲಪ್ಪ. ನಾನು ಬಾಗಿಲ ಹತ್ರಾನೇ ಇದ್ದೆ." ಚೀಟಿಯನ್ನು ಇನ್ನೂ ಚಿಕ್ಕದಾಗಿ ಮಡಚಿದಳು. "ಇನ್ನೊಬ್ಬರ ಪಾಪ ಹೇಳ್ಬಾರ್ದು ಅಂತ ಕ್ಲಾಸಲ್ಲಿ ನೀನೇ ಅಂದೆ. ಇದು ನಂದೇ. ಹೇಳ್ಬೋದು."

ದೇವರ ಹತ್ತು ಆಜ್ಞೆಗಳಲ್ಲಿ ಎಂಟನೆಯದು, ಸುಳ್ಳುಸಾಕ್ಷಿ ಹೇಳಬೇಡ. ಮೊನ್ನೆಯಷ್ಟೇ ಬಾಯಿಪಾಠ ಮಾಡಿಸಿದ್ದೆ. 'ಯಾರದೂ ಅಲ್ಲ'— ಇದು ಎರಡನೇ ಸಲ.

ಮೇ 1, ಶುಕ್ರವಾರ

ಫಾದರ್ ಗಿಡಗಳಿಗೆ ನೀರು ಹಾಕುತ್ತಿದ್ದರು. ಪೈಪ್ ಹಿಡಿದೇ ಎಲ್ಲ ಕೇಳಿಸಿಕೊಂಡರು. ಎಲ್ಲ.

"ನಾಳೆ ನೀವೇ ಅವಳಿಗೆ ಹೇಳ್ಬಿಡಿ ಫಾದರ್. ನಿಮ್ಮ ಮಾತಂದ್ರೆ ನಂಬ್ತಾಳೆ."

"ನಿನ್ ತಪ್ಪಲ್ಲಮ್ಮ ಅಂತ ನೂರು ಸಲ ಹೇಳ್ತೀನಿ ಅಮರನಾಥ್. ಚಾರ್ಜ್ ಇತ್ತು ಅಂತ ನಾನ್ ಹೇಗೆ ಹೇಳ್ಲಿ? ಅದು ನಿಮ್ ಬಾಯಿಂದಾನೇ ಬರ್ಬೇಕು. ಅಮ್ಮನೂ ಕೇಳ್ಬೇಕು."

"ಶ್ಯಾಮಲಾ ನನ್ನ ಮುಖ ನೋಡಲ್ಲ ಫಾದರ್."

"ನೋಡದೇ ಇರಬಹುದು."

ಸುಮ್ಮನೆ ಸಮಾಧಾನಕ್ಕಾದರೂ 'ಹಾಗೇನೂ ಆಗಲ್ಲ' ಅನ್ನಬಾರದಿತ್ತೇ? ನೀರು ಕುಂಡ ತುಂಬಿ ನನ್ನ ಚಪ್ಪಲಿಯ ಮೇಲೆ ಹರಿಯಿತು.

ಮನೆಗೆ ಬಂದೆ. ಹೇಳಲಿಲ್ಲ. ಊಟ ಮಾಡಿದೆ. ಹೇಳಲಿಲ್ಲ.

ಮೇ 2, ಶನಿವಾರ, ಮಧ್ಯಾಹ್ನ 3.10

ನಾಲ್ಕಕ್ಕೆ ಶುರು. ಸಹನ ಸಾಲಿನಲ್ಲಿ ಮೂರನೆಯವಳು. ಪಕ್ಕದ ಕೋಣೆಯಲ್ಲಿ ಶ್ಯಾಮಲಾ ಅವಳಿಗೆ ಜಡೆ ಹಾಕುತ್ತಿದ್ದಾಳೆ. ಏನೋ ಗುನುಗುತ್ತಿದ್ದಾಳೆ. ಎಂಟು ತಿಂಗಳಲ್ಲಿ ಇದೇ ಮೊದಲು. ಅದನ್ನು ನಾನು ನಿಲ್ಲಿಸಬೇಕು.

ಬೆಳಿಗ್ಗೆ ಸಹನ ಕೇಳಿದಳು: "ಫಾದರ್ ಕ್ಷಮಿಸಿದ್ಮೇಲೆ ಅಮ್ಮನೂ ಕ್ಷಮಿಸ್ತಾಳಾ ಅಪ್ಪಾ?"

ನಾನೂ ಚೀಟಿ ಬರೆಯುತ್ತಿದ್ದೇನೆ. ಒಂದೇ ಒಂದು ವಾಕ್ಯ, ತಮಾಷೆ ಇಲ್ಲದ್ದು. ನಾಲ್ಕು ಸಲ ಹೊಡೆದುಹಾಕಿದೆ. ಜೀವಮಾನವೆಲ್ಲ ಮಾತಿನಲ್ಲೇ ಬದುಕಿದವನಿಗೆ ಒಂದು ವಾಕ್ಯ ಬರುತ್ತಿಲ್ಲ.

"ರೀ, ಟೈಮಾಯ್ತು! ಏನ್ ಬರೀತಾ ಕೂತಿದ್ದೀರ?"

ಬರುತ್ತಿದ್ದಾರೆ, ಇಬ್ಬರೂ. ಸಹನಳ ಕೈಯಲ್ಲಿ ನನ್ನ ಫೋನು. "ಫುಲ್ ಆಯ್ತಪ್ಪ" ಅನ್ನುತ್ತಿದ್ದಾಳೆ.

ಚೀಟಿ: ಶ್ಯಾಮಲಾ, ಸಹನ, ಆ ದಿನ ನನ್ನ ಫೋನಿನಲ್ಲಿ ಅರವತ್ತೆರಡು