ರಾಜನ ಹಣೆಗೆ ಅಡ್ಡ ಹಿಡಿದ ಕೈ

ಜೇವರ್ಗಿ, ಬುಧವಾರ

ಮಣ್ಣೂರಿನ ಅರ್ಧ ಊರಿಗೆ ಕೂಸಿದ್ದಾಗ ಮೊದಲ ಎಣ್ಣೆ-ನೀರು ಹಾಕಿದ ನನ್ನ ಅವ್ವ ಮಥುರಾಬಾಯಿಗೆ,

ಭಾನುವಾರ ನೀನು ನಿಲ್ಲದೆ ಬಸ್ಸು ಹತ್ತಿ ಊರಿಗೆ ಹೋದೆ. ಫೋನ್ ಮಾಡಿದರೆ ತಮ್ಮ ಅತುಲನ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಈ ಪತ್ರ. ಕಡೆತನಕ ಓದು, ನಡುವೆ ಮಡಚಿಟ್ಟು ಒಲೆ ಕಡೆ ಹೋಗಬೇಡ.

ಇಲ್ಲಿನ ಚರ್ಚಿನಲ್ಲಿ ದೀಕ್ಷಾಸ್ನಾನ ಕೊಡುವ ಜಾಗದ ಹಿಂದಿನ ಗೋಡೆಗೆ ಚಿತ್ರ ಬರೆಯುವುದು ನನ್ನ ಮೊದಲ ದೊಡ್ಡ ಕೆಲಸ. ಮಾದರಿಗೆ ಕೊಟ್ಟದ್ದು, ನೂರಾರು ವರ್ಷ ಹಿಂದೆ ಪರದೇಶದಲ್ಲಿ ಕೈಯಿಂದ ಬರೆದ ಪುಸ್ತಕವೊಂದರ ಚಿತ್ರದ ಫೋಟೊ. ರಾಜನೊಬ್ಬ ಕ್ರೈಸ್ತನಾಗುತ್ತಿದ್ದಾನೆ. ತೊಟ್ಟಿಯಲ್ಲಿ ಬರಿಮೈಯಲ್ಲಿ ನಿಂತವನ ತಲೆಗೆ ಬಿಷಪ್ಪರು ನೀರು ಸುರಿಯುತ್ತಿದ್ದಾರೆ, ಹಿಂದೆಲ್ಲ ಬಂಗಾರದ ಹೊಳಪು. ಊರಿಗೆ ಬಂದಾಗ ಆ ಫೋಟೊ ತೋರಿಸಿದರೆ ನೀನು ನಕ್ಕಿದ್ದೆ: "ಏನ್ ರಾಜನೋ ಯವ್ವಾ, ಜಳಕಕ್ಕ ನಿಂತಾಗೂ ಕಿರೀಟ ಬಿಟ್ಟಿಲ್ಲ ನೋಡು!"

ಹಳೆಯ ಪುಟದಲ್ಲಿ ಬಿಷಪ್ಪರ ಎಡಗೈ ಇದ್ದ ಕಡೆ ಬಣ್ಣ ಉದುರಿತ್ತು. ಆ ಕೈ ಏನು ಮಾಡುತ್ತಿತ್ತೆಂದು ನಾನು ಯಾರನ್ನೂ ಕೇಳಲಿಲ್ಲ. ಕೇಳುವುದೇನಿದೆ ಅನ್ನಿಸಿತ್ತು. ನೀನು ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಬಲಗೈಯಲ್ಲಿ ತಂಬಿಗೆ ಬಗ್ಗಿಸುವಾಗ ಕಣ್ಣಿಗೆ ನೀರು ಇಳಿಯದಂತೆ ಎಡಗೈಯನ್ನು ಅದರ ಹಣೆಗೆ ಅಡ್ಡ ಹಿಡಿಯುತ್ತೀಯಲ್ಲ, ಅದನ್ನೇ ಬರೆದೆ.

ಶನಿವಾರ ಪಾಸ್ಟರ್ ದಿಲೀಪ ಅವರು ನೋಡಿ ಗಲ್ಲ ಕೆರೆದುಕೊಂಡರು. "ಛಲೋ ಆಗೇದ್ರಿ. ಖರೆ, ಆ ಕೈ ಆಶೀರ್ವಾದಕ್ಕ ಮ್ಯಾಲೆ ಎತ್ತಿರಬೇಕಿತ್ತು. ಬದಲ್ ಮಾಡಿಬಿಡ್ರಿ." ಸೋಮವಾರ ಅಳಿಸಿದರಾಯಿತೆಂದು ಅಂದೇ ಬಿಳಿ ಬಣ್ಣದ ಡಬ್ಬಿ ತಂದಿಟ್ಟೆ. ರಾತ್ರಿ ಫೋನಿನಲ್ಲಿ ನಿನಗೆ ಹೇಳುವಾಗ ಅತ್ತೂ ಬಿಟ್ಟೆ.

ಮರುದಿನ ಭಾನುವಾರ, ಆ ಕೈ ಅಳಿಸುವ ಮೊದಲೇ ನೋಡಬೇಕೆಂದು ನೀನು ಬಂದೆ. ಸೆರಗು ಹೊದ್ದು ಕೊನೆಯ ಬೆಂಚಿನಲ್ಲಿ ಕೂತೆ. ಅಂದು ದೀಕ್ಷಾಸ್ನಾನಕ್ಕೆ ತಂದಿದ್ದ ಕೂಸಿನ ಕಣ್ಣಿಗೆ ನೀರು ಇಳಿದದ್ದೇ ತಡ, ಅದು ಮಾಡು ಹಾರಿಹೋಗುವಂತೆ ಚೀರಿತು. ನಾನು ತಿರುಗಿ ನೋಡಿದರೆ ಬೆಂಚಿನಲ್ಲಿ ನೀನಿಲ್ಲ. ಮುಂದೆ ಹೋಗಿ ಅದರ ಹಣೆಗೆ ಅಂಗೈ ಅಡ್ಡ ಹಿಡಿದು, "ಈಗ ಹಾಕ್ರಿ" ಅಂದುಬಿಟ್ಟಿದ್ದೆ! ಪಾಸ್ಟರ್ ಹಾಕಿದರು. ಕೂಸು ಸುಮ್ಮನಾಯಿತು. ಆಮೇಲೆ ನಿನಗೆ ಎಚ್ಚರವಾಯಿತು. "ಮಂದಿ ದೇವರ ಕೆಲಸದಾಗ ಕೈ ಹಾಕಿಬಿಟ್ಟೆನಲ್ಲ ಬೇ" ಎಂದು ನನ್ನ ಕಿವಿಯಲ್ಲಿ ಹೇಳಿ ಹೊರಟೇಹೋದೆ. ನಿನ್ನಿಂದ ನನ್ನ ಕೆಲಸ ಕೆಟ್ಟಿತೆಂದು ಊಟ ಬಿಟ್ಟಿದ್ದೀಯಂತೆ, ಅತುಲ ಹೇಳಿದ.

ನೀನು ಹೋದ ಮೇಲೆ ಆದದ್ದು ಕೇಳು. ಪಾಸ್ಟರ್ ಗೋಡೆಯ ಹತ್ತಿರ ಹೋಗಿ ಬಿಷಪ್ಪರ ಆ ಕೈಯನ್ನು ಮತ್ತೆ ನೋಡಿದರು. ಆಮೇಲೆ, "ಡಬ್ಬಿ ಮುಚ್ಚಿಡ್ರಿ, ಆ ಕೈ ಹಂಗೇ ಇರ್ಲಿ. ನಿಮ್ಮ ಅವ್ವಾರು ಚಾ ಸೈತ ಕುಡೀದೆ ಹೋದ್ರಲ್ರಿ" ಅಂದರು.

ಅವ್ವಾ, ಹೆಮ್ಮೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬಂದವರಿಗೆಲ್ಲ ತೋರಿಸುತ್ತಿದ್ದೇನೆ: ರಾಜ ಪುಸ್ತಕದವನು, ಕೈ ಮಾತ್ರ ನಮ್ಮವ್ವಂದು. ನಿನ್ನ ಸೊಟ್ಟ ಕಿರುಬೆರಳನ್ನೂ ಬಿಟ್ಟಿಲ್ಲ.

ಬರುವ ಭಾನುವಾರ ಇನ್ನೊಂದು ಕೂಸು ಇದೆ. ಅದರ ತಾಯಿ, "ಆ ಮಣ್ಣೂರ ಅವ್ವಾರು ಬರ್ತಾರಲ್ರಿ?" ಎಂದು ಕೇಳಿದ್ದಾಳೆ. ಬಾ. ಈ ಸಲ ಮುಂದಿನ ಬೆಂಚಿನಲ್ಲಿ ಕೂರು.

ಆ ಕೈ ನೂರು ಕಾಲ ಬೆಚ್ಚಗಿರಲಿ.

ಅದರ ನೆರಳಲ್ಲಿ ಮೊದಲು ಕಣ್ಣು ಬಿಟ್ಟ,
ನಿನ್ನ ದೀಪಾಲಿ